ಕಾಣದ ಪ್ರಯೋಜನಕ್ಕೆ ಔಷಧ ಕೊಳ್ಳಬೇಕೇ?

ಮಮದಾಪುರದಲ್ಲಿ ಆದಿಲಶಾಹಿ ಕಾಲದ ದೊಡ್ಡ ಕೆರೆಯುಂಟು. ಯಾವ ಕೆರೆಯ ಒಡ್ಡಿಗಾದರೂ ಮಣ್ಣು ಹಾಕುವುದು ನೀರಿಳಿದ ಬೇಸಿಗೆಯಲ್ಲಿಯೇ. ಆಗ ನೋಡಿದವನಿಗೆ ಆ ದುಡಿಮೆ ವ್ಯರ್ಥವೆಂದು ತೋರೀತು. ವಾಚಕರೇ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಹೊಕ್ಕ ಮನೆಗಳನ್ನು ಕಾಡುವ ಸಂದೇಹವೂ ಇಂಥದೇ.

ಇದು ಬಹುಮಟ್ಟಿಗೆ 20ರಿಂದ 40ರ ಪ್ರಾಯದಲ್ಲಿ, ಪುರುಷರಿಗಿಂತ ಸ್ತ್ರೀಯರಿಗೆ ಹೆಚ್ಚಾಗಿ ಬರುವ ವ್ಯಾಧಿ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಮಿದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆಯನ್ನು ಕೆಡಿಸುತ್ತದೆ. ಒಮ್ಮೆ ಕಣ್ಣು ಮಸುಕಾಗುತ್ತದೆ, ಇನ್ನೊಮ್ಮೆ ಕಾಲು ಜೋಮು ಹಿಡಿಯುತ್ತದೆ. ಕೆಲವು ವಾರಗಳಲ್ಲಿ ತಾನಾಗಿ ಇಳಿಯುವುದೂ ಉಂಟು. ಗುಣವಾಯಿತೆಂದು ಮನೆಯವರು ಸಮಾಧಾನ ತಾಳುತ್ತಾರೆ. ವೈದ್ಯರಾದರೋ ಔಷಧವನ್ನು ಈಗಲೇ ಆರಂಭಿಸಿರಿ ಎನ್ನುತ್ತಾರೆ!

ಈ ರೋಗದ ಗತಿಯನ್ನು ಬದಲಿಸುವ ಮೊದಲ ಔಷಧ, ಇಂಟರ್‌ಫೆರಾನ್ ಬೀಟಾ, 1993ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಪ್ರಯೋಗಗಳಲ್ಲಿ ಅದು ರೋಗ ಮರುಕಳಿಸುವುದನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸಿತು. ಅನಂತರ ಇನ್ನೂ ಪ್ರಬಲವಾದವು ಬಂದವು. ಯಾವುದೂ ರೋಗವನ್ನು ಬೇರುಸಹಿತ ಕೀಳದು. ಮುಂದಿನ ಹಾನಿಯನ್ನು ಕಡಿಮೆ ಮಾಡೀತು, ಅಷ್ಟೇ. ತೊಡಕಿರುವುದು ಇಲ್ಲಿಯೇ. ಬಾರದೆ ಹೋದ ಆಘಾತವನ್ನು ಯಾರೂ ಕಾಣರು. ಚುಚ್ಚುಮದ್ದಿನ ಬೆನ್ನಲ್ಲೇ ಬರುವ ಜ್ವರ, ಮೈಕೈನೋವು, ಔಷಧದಂಗಡಿಯ ಬಿಲ್ಲು ಇವು ಎಲ್ಲರ ಕಣ್ಣಿಗೂ ಬೀಳುತ್ತವೆ.

ಹಾಗೆಂದು ಅಂಜುವವರೆಲ್ಲ ಅಜ್ಞಾನಿಗಳಲ್ಲ. ನತಾಲಿಜುಮಾಬ್ ಎಂಬ ಔಷಧದಿಂದ, ವಿರಳವಾಗಿಯಾದರೂ, ಮಿದುಳಿಗೆ ಮಾರಕ ಸೋಂಕು ತಗಲಬಹುದು. ಟೆರಿಫ್ಲುನೊಮೈಡ್ ಗರ್ಭಸ್ಥ ಶಿಶುವಿಗೆ ಅಪಾಯಕರ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗ್ಲಾಟಿರಾಮರ್, ಕ್ಲಾಡ್ರಿಬಿನ್, ರಿಟುಕ್ಸಿಮಾಬ್‌ಗಳನ್ನು ಈ ರೋಗಕ್ಕಾಗಿ ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಒಣಬೇಸಾಯದ ರೈತನ ಕೈಗೆ ಎಟುಕಿದಂತಾಗಲಿಲ್ಲ.

ಒಂದು ಮನೆಯ ಸೊಸೆಗೆ ಈ ರೋಗ ಬಂದಿದೆಯೆಂದು ಭಾವಿಸಿರಿ. ಅತ್ತೆಗೆ ಮೊಮ್ಮಗುವಿನ ಚಿಂತೆ, ಮಾವನಿಗೆ ಹೊಲದ ಚಿಂತೆ, ಗಂಡನಿಗೆ ಊರವರ ಬಾಯಿಯ ಚಿಂತೆ. ಒಂದೂ ಸುಳ್ಳಲ್ಲ. ಆದರೆ ನಾಳೆ ನಡೆಯಲಾರದೆ ನಿಲ್ಲುವ ಕಾಲು ಅವಳದು. ಪಡಸಾಲೆಯಲ್ಲಿ ಮಾತು ಮುಗಿಸಿ ಅಡುಗೆಮನೆಗೆ ತೀರ್ಪು ಕಳಿಸುವುದು ನ್ಯಾಯವೇ? ಖರ್ಚು ಎಷ್ಟು ತಾಳಬಲ್ಲೆವೆಂದು ಮನೆಯವರು ಹೇಳಲಿ; ತನ್ನ ದೇಹ ಯಾವ ಅಪಾಯವನ್ನು ಒಪ್ಪಬೇಕೆಂದು ಹೇಳುವ ಅಧಿಕಾರ ಅವಳದೇ. "ಮತ್ತೆ ಬಂದರೆ ನೋಡೋಣ" ಎಂಬುದೂ ಒಂದು ನಿರ್ಣಯವೇ ಸರಿ. ಲಕ್ಷಣವಿಲ್ಲದ ದಿನಗಳಲ್ಲಿಯೂ ಒಳಗೆ ಹಾನಿ ಸಾಗಿರಬಹುದೆಂದು ಎಂ.ಆರ್.ಐ. ಚಿತ್ರಗಳು ತೋರಿಸಿವೆ. ಇದೆಲ್ಲ ತಿಳಿದೂ ಅವಳು ಬೇಡವೆಂದರೆ ಅದನ್ನು ಹಠವೆನ್ನಲಾಗದು. ಬೇಕೆಂದರೆ ದುಂದು ಎನ್ನಲಾಗದು. ವೈದ್ಯರ ಮುಂದೆ ಕುಳಿತಾಗ ಬಸಿರಿನ ವಿಚಾರ, ರಕ್ತಪರೀಕ್ಷೆಗಳ ವಿಚಾರ, ಔಷಧ ನಿಲ್ಲಿಸಿದರೆ ಏನಾದೀತೆಂಬ ವಿಚಾರ ಇವನ್ನು ಅವಳೇ ಕೇಳಲಿ. ಜೊತೆಗೆ ಹೋದವರು ಅಷ್ಟು ಹೊತ್ತು ಸುಮ್ಮನಿರಲಿ.