ಔಷಧವೇ ಕಾರಣ ಎನ್ನುವ ಅಧಿಕಾರ ಯಾರದು?

ಹೆಪಾರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಅದನ್ನು ಪಡೆದವರಲ್ಲಿ ಕೆಲವರಿಗೆ 5ರಿಂದ 10ನೆಯ ದಿನದೊಳಗೆ ಪ್ಲೇಟ್‌ಲೆಟ್ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಪ್ಲೇಟ್‌ಲೆಟ್‌ಗಳಿಂದ ಹೊರಬರುವ ಪಿಎಫ್4 ಎಂಬ ಪ್ರೋಟೀನು ಹೆಪಾರಿನ್ನಿನೊಡನೆ ಕೂಡಿಕೊಂಡಾಗ ದೇಹ ಆ ಜೋಡಿಯನ್ನು ಹೊರಗಿನದೆಂದು ಬಗೆದು ಪ್ರತಿಕಾಯ ಹುಟ್ಟಿಸುತ್ತದೆ. ಆ ಪ್ರತಿಕಾಯವೇ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತದೆ. ಪ್ಲೇಟ್‌ಲೆಟ್ ಇಳಿದರೆ ರಕ್ತಸ್ರಾವದ ಭಯ ಎಂದು ಡೆಂಗಿ ಕಲಿಸಿದ ಪಾಠ ಇಲ್ಲಿ ತಲೆಕೆಳಗಾಗುತ್ತದೆ. ಹೆಪ್ಪು ತಡೆಯಲೆಂದು ಕೊಟ್ಟ ಮದ್ದಿನಿಂದಲೇ ರಕ್ತನಾಳದೊಳಗೆ ಹೆಪ್ಪು ಕಟ್ಟುವ ಅಪಾಯ ಹೆಚ್ಚುತ್ತದೆ.

ಆದರೆ ತೀವ್ರ ನಿಗಾ ಘಟಕದ ರೋಗಿಗೆ ಹೆಪಾರಿನ್ ಒಂದನ್ನೇ ಕೊಟ್ಟಿರುವುದಿಲ್ಲ. ಸೋಂಕು, ಶಸ್ತ್ರಚಿಕಿತ್ಸೆ, ಮೂರು ನಾಲ್ಕು ಬಗೆಯ ಆ್ಯಂಟಿಬಯಾಟಿಕ್ ಎಲ್ಲವೂ ಜೊತೆಗಿರುತ್ತವೆ, ಇವುಗಳಲ್ಲಿ ಯಾವುದು ಬೇಕಾದರೂ ಪ್ಲೇಟ್‌ಲೆಟ್ ಇಳಿಸಬಲ್ಲದು. ಕಾಗೆ ಬಂದು ಕೂತಿತು, ತಾಳೆಹಣ್ಣು ಬಿತ್ತು. ಕಾಗೆಯಿಂದಲೇ ಬಿತ್ತೆಂದು ಹೇಳುವುದು ಹೇಗೆ? ನ್ಯಾಯದರ್ಶನ ಇದಕ್ಕೊಂದು ಅಳತೆಗೋಲು ಕೊಟ್ಟಿದೆ. ಕಾರಣವಾದದ್ದು ಕಾರ್ಯಕ್ಕಿಂತ ಮೊದಲು ತಪ್ಪದೆ ಇರಬೇಕು. ಅಷ್ಟೇ ಸಾಲದು, ಅದು ಅನ್ಯಥಾಸಿದ್ಧ ಆಗಿರಲೂ ಕೂಡದು, ಎಂದರೆ ಅದಿಲ್ಲದೆಯೂ ಕಾರ್ಯ ನಡೆಯುವಂತಿರಬಾರದು. ಮಡಕೆಗೆ ಮಣ್ಣು ಹೊತ್ತು ತಂದ ಕತ್ತೆ ಮಡಕೆಗಿಂತ ಮೊದಲೇ ಇತ್ತು, ಆದರೂ ಅದು ಮಡಕೆಗೆ ಕಾರಣವಲ್ಲ. ವೈದ್ಯರು ಬಳಸುವ ‘4ಟಿ’ ಅಂಕಪಟ್ಟಿ ಹೆಚ್ಚುಕಡಿಮೆ ಇದೇ ಹಾದಿಯಲ್ಲಿದೆ. ಸಂಖ್ಯೆ ಎಷ್ಟು ಇಳಿಯಿತು, ಯಾವ ದಿನ ಇಳಿಯಿತು, ಹೊಸ ಹೆಪ್ಪು ಕಟ್ಟಿದೆಯೇ, ಬೇರೆ ಕಾರಣ ಉಂಟೇ ಎಂಬ ನಾಲ್ಕು ಪ್ರಶ್ನೆಗಳಿಗೆ ತಲಾ 2ರಂತೆ ಒಟ್ಟು 8 ಅಂಕ. 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೆಪಾರಿನ್ ಮೇಲಿನ ಶಂಕೆ ದುರ್ಬಲ. ಕೊನೆಯ ಪ್ರಶ್ನೆ ಹೆಪಾರಿನ್ ಕುಂಬಾರನೋ ಕತ್ತೆಯೋ ಎಂದು ಕೇಳುವ ಪ್ರಶ್ನೆಯೇ.

ಅನ್ವಯ, ವ್ಯತಿರೇಕ ಎರಡೂ ಕೂಡಿದಾಗ ಅನುಮಾನ, ಎಂದರೆ ತರ್ಕದಿಂದ ಪಡೆದ ತಿಳಿವು, ಗಟ್ಟಿಯಾಗುತ್ತದೆ: ಮದ್ದು ಇದ್ದಾಗ ಕುಸಿತ, ನಿಲ್ಲಿಸಿದಾಗ ಏರಿಕೆ. ಇನ್ನೂ ಗಟ್ಟಿಯಾಗಬೇಕಾದರೆ ಅದೇ ಮದ್ದನ್ನು ಮತ್ತೊಮ್ಮೆ ಕೊಟ್ಟು ನೋಡಬೇಕು. ರೋಗಿಯ ಪ್ರಾಣವನ್ನು ಪಣಕ್ಕಿಟ್ಟು ಹಾಗೆ ಮಾಡಲಾಗದು. ಇಲ್ಲಿ ಜ್ಞಾನಕ್ಕೆ ಗೆರೆ ಎಳೆಯುವುದು ಬುದ್ಧಿಯ ಮಿತಿಯಲ್ಲ, ಧರ್ಮ. ವ್ಯತಿರೇಕವಾದರೂ ತಡವಾಗಿ ಸಿಗುತ್ತದೆ. ಮದ್ದು ನಿಲ್ಲಿಸುವ ನಿರ್ಧಾರವನ್ನು ವೈದ್ಯ ಸಂಶಯದಲ್ಲೇ ಕೈಗೊಳ್ಳಬೇಕು.

ಈ ಸಂಶಯ ಕಡತಕ್ಕೆ ಇಳಿದಾಗ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಓದಿ ರೋಗಗಳಿಗೆ ಐಸಿಡಿ-10-ಸಿಎಂ ಸಂಕೇತ ಹಾಕುವ ಕೋಡರ್‌ಗಳಲ್ಲಿ ಬೆಂಗಳೂರಿನಲ್ಲಿ ಕೂತು ದುಡಿಯುವವರೂ ಇದ್ದಾರೆ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಲವತ್ತು ಸಾವಿರಕ್ಕೆ ಇಳಿದದ್ದು ಲ್ಯಾಬ್ ವರದಿಯಲ್ಲಿ ಕಣ್ಣಿಗೆ ರಾಚುತ್ತಿದ್ದರೂ ಕೋಡರ್ ತಾನಾಗಿ ರೋಗದ ಹೆಸರು ಬರೆಯುವಂತಿಲ್ಲ. ಕುಸಿತಕ್ಕೆ ಹೆಪಾರಿನ್ ಕಾರಣ ಎಂದು ಚಿಕಿತ್ಸೆ ನೀಡಿದ ವೈದ್ಯರೇ ಬರೆದಿರಬೇಕು. ಬರೆಯದಿದ್ದರೆ ಅವರನ್ನು ಕೇಳಬಹುದು, ಆದರೆ ಉತ್ತರವನ್ನು ಬಾಯಿಗಿಟ್ಟು ಕೇಳಬಾರದು. ದರ್ಶನದ ಮಾತಿನಲ್ಲಿ ಹೇಳುವುದಾದರೆ, ಕೋಡರ್‌ಗೆ ಪ್ರತ್ಯಕ್ಷವೂ ಇಲ್ಲ, ಅನುಮಾನಕ್ಕೂ ಅಪ್ಪಣೆಯಿಲ್ಲ. ಉಳಿದದ್ದು ಶಬ್ದಪ್ರಮಾಣ ಒಂದೇ. ವಿಷಯವನ್ನು ಬಲ್ಲ, ಬಲ್ಲದ್ದನ್ನು ಇದ್ದಂತೆ ತಿಳಿಸಬೇಕೆಂಬ ಮನಸ್ಸುಳ್ಳ ಆಪ್ತನ ಮಾತು ಅದು. ತೊಡಕೆಂದರೆ, ಇಲ್ಲಿ ಆಪ್ತನ ಜ್ಞಾನವೂ ಅನುಮಾನವೇ.

‘ಬಹುಶಃ’, ‘ಶಂಕಿತ’ ಎಂದು ವೈದ್ಯರು ಬರೆದರೆ ನಿಯಮ ಎರಡಾಗಿ ಒಡೆಯುತ್ತದೆ. ಒಳರೋಗಿ ಬಿಡುಗಡೆಯಾಗುವಾಗಲೂ ಆ ಪದ ಉಳಿದಿದ್ದರೆ ರೋಗ ಇದ್ದಂತೆಯೇ ಸಂಕೇತ ಹಾಕುತ್ತಾರೆ. ಹೊರರೋಗಿಯ ಚೀಟಿಯಲ್ಲಿ ಅದೇ ಪದವಿದ್ದರೆ ರೋಗವನ್ನು ಬಿಟ್ಟು ಲಕ್ಷಣಕ್ಕಷ್ಟೇ ಸಂಕೇತ. ನ್ಯಾಯದ ಹದಿನಾರು ಪದಾರ್ಥಗಳಲ್ಲಿ ಸಂಶಯ, ನಿರ್ಣಯ ಎರಡೂ ಬೇರೆ ಬೇರೆ. ಇಲ್ಲಿ ವಾರ್ಡಿನ ಹಾಸಿಗೆ ಸಿಕ್ಕರೆ ಸಾಕು, ಸಂಶಯ ನಿರ್ಣಯವಾಗಿಬಿಡುತ್ತದೆ. ಇದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ವ್ಯವಹಾರ, ಸತ್ಯದ ಮಾತಲ್ಲ. ಸಂಖ್ಯಾಶಾಸ್ತ್ರಕ್ಕಾಗಿ ಈ ಸಂಕೇತಗಳನ್ನು ಎಣಿಸುವವರು ಇದನ್ನು ಮರೆಯಬಾರದು.

2022ರ ಅಕ್ಟೋಬರ್ 1ರಿಂದ, ಹೆಪಾರಿನ್ನಿನಿಂದಾದ ಪ್ಲೇಟ್‌ಲೆಟ್ ಕುಸಿತಕ್ಕಿದ್ದ ಡಿ75.82 ಎಂಬ ಒಂದೇ ಸಂಕೇತ ನಾಲ್ಕಾಯಿತು: ಪ್ರತಿಕಾಯವಿಲ್ಲದ ಬಗೆ, ಪ್ರತಿಕಾಯದಿಂದಾದ ಬಗೆ, ಇತರೆ, ನಿರ್ದಿಷ್ಟಪಡಿಸದ್ದು. ಕೊನೆಯದು ತನಗೆ ಸಿಕ್ಕ ಮಾತು ಸಾಲದೆಂದು ದಾಖಲೆಯೇ ಒಪ್ಪಿಕೊಳ್ಳುವ ಜಾಗ. ನಾಲ್ಕರಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು.

ರೋಗದ ಸಂಕೇತದ ಜೊತೆಗೆ ಔಷಧದ್ದೂ ಬೇಕು. ಸರಿಯಾಗಿ ಬರೆದು ಸರಿಯಾಗಿಯೇ ಕೊಟ್ಟ ಹೆಪ್ಪುನಿರೋಧಕದಿಂದ ಕೇಡಾದರೆ ಟಿ45.515, ಆಕಸ್ಮಿಕವಾಗಿ ತಪ್ಪು ಪ್ರಮಾಣ ಹೋಗಿದ್ದರೆ ಟಿ45.511, ಎಂದರೆ ವಿಷಪ್ರಾಶನ. ಸಾಲೂ ಬದಲಾಗುತ್ತದೆ: ಮೊದಲನೆಯದರಲ್ಲಿ ರೋಗ ಮುಂದೆ, ಔಷಧ ಹಿಂದೆ; ಎರಡನೆಯದರಲ್ಲಿ ವಿಷವೇ ಮುಂದೆ. ಅದೇ ದ್ರವ್ಯ, ಅದೇ ರಕ್ತ. ನಡುವೆ ನಿಂತ ಮನುಷ್ಯನ ನಡೆ ಮಾತ್ರ ಬೇರೆ. ಕಾರಣವನ್ನಷ್ಟೇ ಹೇಳುವಂತೆ ಕಾಣುವ ಅಂಕಿಯೊಳಗೆ ದೋಷ ಯಾರದೆಂಬ ವಿಚಾರವೂ ಸೇರಿರುತ್ತದೆ.

ಇಷ್ಟಾದರೂ ಸಂಕೇತ ಹೋಗಿ ಸೇರುವುದು ಹೆಚ್ಚಾಗಿ ಬಿಲ್ಲಿಗೆ, ವಿಮೆಗೆ, ಅಂಕಿಅಂಶಕ್ಕೆ. ಅದೇ ರೋಗಿ ಮತ್ತೊಮ್ಮೆ ದಾಖಲಾದಾಗ ಹೆಪಾರಿನ್ ಸಿರಿಂಜನ್ನು ತಡೆಯುವುದು ಅವನ ಅಲರ್ಜಿ ಪಟ್ಟಿಯಲ್ಲಿ ಬರೆದಿಟ್ಟ ಒಂದು ಸಾಲು.