ಸಂಪಾದನೆ ಎಂಬ ಮಾತು

ಮನುಷ್ಯನು ಹಣವನ್ನು ಕೈಯಿಂದ ಎಣಿಸುವುದಕ್ಕೆ ಮೊದಲು ಮಾತಿನಿಂದ ಎಣಿಸುತ್ತಾನೆ. ಗಳಿಸಿದ್ದನ್ನು ಅವನು ಯಾವ ಹೆಸರಿನಿಂದ ಕರೆಯುತ್ತಾನೋ ಆ ಹೆಸರಿನಂತೆಯೇ ಅದು ಅವನ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ನಮ್ಮ ಹಳ್ಳಿಗಳಲ್ಲಿ ಇಬ್ಬರು ಪರಿಚಿತರು ಸಂಧಿಸಿದಾಗ ಕ್ಷೇಮಸಮಾಚಾರದ ತರುವಾಯ ಕೇಳುವ ಪ್ರಶ್ನೆ, "ಸಂಪಾದನೆ ಹೇಗಿದೆ?" ಎಂಬುದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶರಣರ ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿದ ತಮ್ಮ ಮಹಾಗ್ರಂಥಕ್ಕೆ ಇದೇ ಮಾತನ್ನು ಆರಿಸಿಕೊಂಡರು, ಅದೇ 'ಶೂನ್ಯಸಂಪಾದನೆ'. ಹೊಟ್ಟೆಯ ಪಾಡಿಗೂ ಪರಮಾರ್ಥಕ್ಕೂ ಒಂದೇ ಪದ ಸಲ್ಲುವ ಭಾಷೆ ನಮ್ಮದು. ಎರಡನ್ನೂ ದುಡಿದೇ ಪಡೆಯಬೇಕು, ಎರಡಕ್ಕೂ ಶುದ್ಧಿ ಬೇಕು ಎಂಬ ತಿಳಿವು ಆ ಪದದೊಳಗೆ ಅಡಗಿದೆ.

ಇಂದು ಆ ಪ್ರಶ್ನೆಯ ರೂಪ ಬದಲಾಗಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಸೀರೆಯೊಂದಕ್ಕೆ ಇಷ್ಟೆಂದು ಮಜೂರಿ ಪಡೆದ ತಂದೆಯ ಮಗನು ಈಗ ಸ್ಯಾಲರಿ ಪಡೆಯುತ್ತಾನೆ. 2008ರ ಮೇ 24ರಂದು ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಸುತ್ತಲಿನ ದ್ರಾಕ್ಷಿ, ಚಕ್ಕೋತದ ತೋಟಗಳ ನಡುವೆ ಮಾರ್ಕೆಟ್ ರೇಟು, ಅಡ್ವಾನ್ಸು, ಅಗ್ರಿಮೆಂಟುಗಳ ಮಾತು ಹಬ್ಬಿತು. ನೆಲಮಂಗಲದ ದಾಬಸ್‌ಪೇಟೆಯ ಕಾರ್ಖಾನೆಗಳಲ್ಲಿಯೂ ಹೊಸಕೋಟೆಯ ಗೋದಾಮುಗಳಲ್ಲಿಯೂ ದುಡಿಯುವ ತರುಣರು ಓಟಿ, ಪಿ.ಎಫ್., ಲೋನು, ಇ.ಎಂ.ಐ. ಎಂಬ ಮಾತುಗಳಲ್ಲಿಯೇ ತಮ್ಮ ಬಾಳಿನ ಲೆಕ್ಕವನ್ನು ಹೇಳಿಕೊಳ್ಳುತ್ತಾರೆ. ಮಾತು ಬದಲಾದರೆ ಗಳಿಕೆಯ ಧರ್ಮವೂ ಬದಲಾಗುವುದೇ? ಗೃಹಸ್ಥನಾದ ಪ್ರತಿಯೊಬ್ಬ ಭಕ್ತನೂ ವಿಚಾರಿಸಿಕೊಳ್ಳಬೇಕಾದ ಪ್ರಶ್ನೆ ಇದು.

ಪರಭಾಷೆಯ ಪದವೆಂಬ ಮಾತ್ರಕ್ಕೆ ಅದನ್ನು ಜರೆಯುವುದು ನ್ಯಾಯವಲ್ಲ. ಇಂದು ಅಚ್ಚ ಕನ್ನಡವೆಂದು ನಾವು ಬಳಸುವ ಅಸಲು, ಬಾಕಿ, ಜಮಾ, ಖರ್ಚು, ವಸೂಲಿ ಎಂಬವು ಅರಬ್ಬಿ ಪಾರಸಿಗಳಿಂದ ಬಂದವು. ಬಂದ ಪದಗಳನ್ನು ನಮ್ಮ ಜನ ಒಗ್ಗಿಸಿಕೊಂಡರು. ಇಂಗ್ಲಿಷಿನ ಪದಗಳ ಮೂಲವನ್ನು ಕೆದಕಿದರೆ ಅಲ್ಲಿಯೂ ದುಡಿಮೆಯ ನೆನಪು ಉಂಟು. ಗಳಿಸುವುದಕ್ಕೆ ಆ ಜನರಾಡುವ 'ಅರ್ನ್' ಎಂಬ ಮಾತಿನ ಬೇರು ಸುಗ್ಗಿಯ ಕೊಯ್ಲಿನ ದುಡಿಮೆಯಲ್ಲಿದೆ. 'ಕ್ರೆಡಿಟ್' ಎಂಬುದು ನಂಬು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. 'ಸ್ಯಾಲರಿ'ಯು ಉಪ್ಪಿನ ಹೆಸರಿನಿಂದ ಹುಟ್ಟಿದೆ. ಉಪ್ಪಿನ ಋಣವನ್ನು ಬಲ್ಲ ನಮ್ಮವರಿಗೆ ಇದು ಅಪರಿಚಿತವಾದ ಭಾವವಲ್ಲ. ಇನ್ನು ನಮ್ಮ 'ಸಂಬಳ'ವು ದಾರಿಯ ಬುತ್ತಿ ಎಂಬರ್ಥದ ಸಂಸ್ಕೃತ ಪದದಿಂದ ಇಳಿದುದು. ನಡೆಯುವವನ ಹಸಿವಿಗೆ ಕಟ್ಟಿಕೊಟ್ಟ ಅನ್ನವೇ ಸಂಬಳ. ಬುತ್ತಿಯು ದಾರಿಗಾಗಿ ಇರುವುದೇ ಹೊರತು ದಾರಿಯು ಬುತ್ತಿಗಾಗಿ ಇರುವುದಿಲ್ಲ.

ಆದರೆ ಹೊಸ ಮಾತಿನಲ್ಲಿ ಎರಡು ಬಗೆಯ ಅಪಾಯಗಳಿವೆ. ಮೊದಲನೆಯದು, ಅದನ್ನು ಅರಿಯದೆ ಇರುವುದು. ಮಗಳ ಮದುವೆಗೋ ಮಗ್ಗದ ದುರಸ್ತಿಗೋ ಒಬ್ಬನು ಒಂದು ಲಕ್ಷ ರೂಪಾಯಿ ಸಾಲ ಮಾಡುತ್ತಾನೆ ಎನ್ನೋಣ. ಶೇಕಡ 12ರ 'ಫ್ಲಾಟ್' ಬಡ್ಡಿ, ಮೂರು ವರ್ಷದ ಅವಧಿ ಎಂದು ಹೇಳುತ್ತಾರೆ. ಬಡ್ಡಿ 36,000 ರೂಪಾಯಿ, ತಿಂಗಳ ಕಂತು ಸುಮಾರು 3,778 ರೂಪಾಯಿ. ಇಲ್ಲಿ ತೀರಿಸಿದ ಅಸಲಿಗೂ ಕೊನೆಯ ತಿಂಗಳಿನವರೆಗೆ ಬಡ್ಡಿ ಬೀಳುತ್ತಲೇ ಇರುತ್ತದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ಅದೇ ಶೇಕಡ 12ಕ್ಕೆ ಕಂತು ಸುಮಾರು 3,321 ರೂಪಾಯಿ, ಒಟ್ಟು ಬಡ್ಡಿ ಸುಮಾರು 19,570 ರೂಪಾಯಿ ಮಾತ್ರ. 'ಫ್ಲಾಟ್' ಎಂಬ ಒಂದು ಪುಟ್ಟ ಮಾತಿನ ಮರೆಯಲ್ಲಿ ಹದಿನಾರು ಸಾವಿರಕ್ಕೂ ಮಿಕ್ಕ ಹಣ ಅಡಗಿರುತ್ತದೆ. ಹನ್ನೆರಡೆಂದು ಕೇಳಿಸಿದ ದರವು ನಿಜದಲ್ಲಿ ಇಪ್ಪತ್ತೊಂದರ ಆಸುಪಾಸಿನದು. ಅರ್ಥವಾಗದ ಕಾಗದಕ್ಕೆ ಸಹಿ ಮಾಡಿದವನು ತನ್ನ ಮುಂದಿನ ಮೂರು ವರ್ಷದ ಬೆವರನ್ನು ಅಳತೆಯಿಲ್ಲದೆ ಮಾರಿದಂತಾಯಿತು.

ಈ ಸಂಕಟವನ್ನು ಮನಗಂಡೇ ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ, ಗೃಹಸ್ಥರಿಗೂ ಸಣ್ಣ ಉದ್ಯಮಿಗಳಿಗೂ ಕೊಡುವ ಹೊಸ ಸಾಲಗಳ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿಯೇ ನೀಡಬೇಕೆಂದು ನಿಯಮಿಸಿದೆ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವು ಆ ಪತ್ರದಲ್ಲಿ ಇರಲೇಬೇಕು. ಕಿರುಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆದರೆ ಕನ್ನಡದಲ್ಲಿ ಕೊಡಿರೆಂದು ಕೇಳದವನಿಗೆ ನಿಯಮದಿಂದ ಏನು ಪ್ರಯೋಜನ? ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ರಾಜಧನವು ದಾಸೋಹಕ್ಕೆ ಸೋರಿಹೋಯಿತೆಂದು ದೂರು ಬಂದಾಗ, ಲೆಕ್ಕವನ್ನು ನೋಡಿದರೆ ಏನೂ ಕಡಮೆಯಾಗಿರಲಿಲ್ಲವೆಂದು ಶರಣರ ಚರಿತೆಗಳು ಹೇಳುತ್ತವೆ. ಶರಣಮಾರ್ಗದಲ್ಲಿ ಲೆಕ್ಕದ ಅಜ್ಞಾನವು ವೈರಾಗ್ಯವೆನಿಸಲಿಲ್ಲ. ಹಣದ ಮಾತನ್ನು ಕಲಿಯುವುದೂ ಕಾಯಕದ ಒಂದು ಅಂಗ. ಓದಿದ ಮಗನು ತಂದೆಗೆ, ಓದಿದ ಸೊಸೆಯು ಅತ್ತೆಗೆ ಆ ಕಾಗದವನ್ನು ಸಾವಧಾನವಾಗಿ ಬಿಡಿಸಿ ಹೇಳುವುದು ಒಂದು ಸೇವೆಯೇ ಸರಿ.

ಎರಡನೆಯ ಅಪಾಯವು ಇದಕ್ಕಿಂತ ಸೂಕ್ಷ್ಮವಾದುದು. ಅದು ಆ ಮಾತನ್ನು ಚೆನ್ನಾಗಿ ಕಲಿತವರಿಗೆ ಬರುವಂಥದು. ಕೆಲಸಕ್ಕೆ ಸೇರುವ ತರುಣನಿಗೆ 'ಸಿ.ಟಿ.ಸಿ.' ಎಂಬ ದೊಡ್ಡ ಅಂಕೆಯೊಂದನ್ನು ಹೇಳುತ್ತಾರೆ. ಸಂಸ್ಥೆಗೆ ತಗಲುವ ವೆಚ್ಚ ಎಂದು ಅದರ ಅರ್ಥ. ಭವಿಷ್ಯನಿಧಿಗೆ ಸಂಸ್ಥೆ ಕಟ್ಟುವ ಪಾಲು ಮೊದಲಾದವೂ ಅದರಲ್ಲಿ ಸೇರಿರುವುದರಿಂದ ಕೈಗೆ ಬರುವುದು ಅದಕ್ಕಿಂತ ಕಡಮೆ. ಈ ಅಂತರವನ್ನು ತಿಳಿಯುವುದು ಸುಲಭ. ಆದರೆ ತನ್ನ ದುಡಿಮೆಯನ್ನು ಮತ್ತೊಬ್ಬರ ವೆಚ್ಚದ ಹೆಸರಿನಿಂದ ಕರೆದುಕೊಳ್ಳುತ್ತಿದ್ದೇನೆಂದು ಎಷ್ಟು ಜನರಿಗೆ ಹೊಳೆದೀತು? ಮಜೂರಿ ಎಂದಾಗ ನೇಯ್ದ ಸೀರೆ ಕಣ್ಣೆದುರಿಗೆ ಇರುತ್ತಿತ್ತು. ಹೊಸ ಮಾತಿನಲ್ಲಿ ಸೀರೆ ಮರೆಯಾಗಿ ಅಂಕೆಯೊಂದೇ ಉಳಿಯುತ್ತದೆ.

'ನೆಟ್ ವರ್ತ್' ಎಂಬ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇರುವ ಆಸ್ತಿಯಿಂದ ಸಾಲವನ್ನು ಕಳೆದರೆ ಉಳಿಯುವುದು ಅದು. ಲೆಕ್ಕವಾಗಿ ಅದು ಸರಿಯೇ. ಆದರೆ ಅದರ ನುಡಿಗಟ್ಟಿನಲ್ಲಿ ಆಸ್ತಿಯ ಬೆಲೆಯೂ ಮನುಷ್ಯನ ಬೆಲೆಯೂ ಬೆರೆತುಹೋಗುತ್ತವೆ. ಹಾಗೆಯೇ 'ಡಿಪೆಂಡೆಂಟ್' ಎಂಬ ಮಾತು. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಬೆಳಗಿನಿಂದ ಕಂಡಿಕೆ ಸುತ್ತುವ ವೃದ್ಧ ತಾಯಿಯ ಹೆಸರನ್ನು ಮಗನು ಅರ್ಜಿಯ ಅಂಕಣದಲ್ಲಿ ಅವಲಂಬಿತಳೆಂದು ತುಂಬುತ್ತಾನೆ. ಏಕೆಂದರೆ ಆಕೆಗೆ ಸಂಬಳದ ಚೀಟಿಯಿಲ್ಲ. ಆಕೆಯ ಕೈ ನಿಂತರೆ ಲಾಳಿಯೂ ನಿಲ್ಲುವುದು. ಯಾರು ಯಾರನ್ನು ಅವಲಂಬಿಸಿದ್ದಾರೆ? ಅರ್ಜಿಯನ್ನು ಅದರ ರೀತಿಯಲ್ಲೇ ತುಂಬಲಿ, ಬಾಧಕವಿಲ್ಲ. ಆದರೆ ಅರ್ಜಿಯ ಮಾತು ಮನೆಯ ಮಾತಾದಾಗ, ಕಾಯಕ ಮಾಡುವ ಜೀವವೊಂದು ಹೊರೆಯಾಗಿ ಕಾಣತೊಡಗುತ್ತದೆ.

ಭೂಮಿಯ ವಿಷಯದಲ್ಲಿ ಈ ಪದಗಳ ಪರೀಕ್ಷೆ ಬಹಿರಂಗವಾಗಿ ನಡೆದಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಪ್ರತಿಭಟಿಸಿದರು. 2025ರ ಜುಲೈ 15ರಂದು ಅದನ್ನು ಕೈಬಿಟ್ಟುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಘೋಷಿಸಿದರು. ಸ್ವಇಚ್ಛೆಯಿಂದ ಕೊಡುವವರು ಕೊಡಬಹುದೆಂಬ ಅವಕಾಶವೂ ಉಳಿಯಿತು. ಕೊಡುವವನು ತಪ್ಪಿತಸ್ಥನೂ ಅಲ್ಲ, ಕೊಡದವನು ಮೂಢನೂ ಅಲ್ಲ. ಆದರೆ ಹೊಲಕ್ಕೆ 'ಅಸೆಟ್' ಎಂಬ ಹೆಸರೊಂದೇ ಉಳಿದರೆ ಅದರ ಬಗ್ಗೆ ಕೇಳಬಹುದಾದ ಪ್ರಶ್ನೆಯೂ ಒಂದೇ ಆಗುತ್ತದೆ: ಎಷ್ಟಕ್ಕೆ? ಹೊಲವೆಂದಾಗಲಾದರೋ, ಯಾರು ಉತ್ತರು, ಯಾರು ಉಂಡರು, ನಾಳೆ ಯಾರು ಉಣ್ಣುವರು ಎಂಬ ಪ್ರಶ್ನೆಗಳೂ ಏಳುತ್ತವೆ.

ಇಲ್ಲಿಯೇ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗಬೇಕು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದರು. ಲಕ್ಕಮ್ಮ ಹಿಗ್ಗಲಿಲ್ಲ, ಈ ಹೆಚ್ಚಿನದು ಏಕೆ ಬಂದಿತೆಂದು ವಿಚಾರಿಸಿದರು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದರು. ಆ ಅಕ್ಕಿ ಕದ್ದುದಲ್ಲ, ಬೇಡಿದುದಲ್ಲ. ಇಂದಿನ ಮಾತಿನಲ್ಲಿ ಅದು ಇನ್‌ಕಮ್ಮಿನ ಏರಿಕೆ. ಯಾವ ಲೆಕ್ಕಪುಸ್ತಕವೂ ಅದನ್ನು ತಪ್ಪೆನ್ನಲಾರದು. ಆದರೂ ಆ ತಾಯಿಗೆ ಅದರಲ್ಲಿ ತಪ್ಪು ಕಂಡಿತು. ಸಾಕು ಎಂಬ ಗೆರೆಯನ್ನು ಆಕೆ ತನ್ನೊಳಗೆ ತಾನೇ ಎಳೆದುಕೊಂಡಿದ್ದುದೇ ಅದಕ್ಕೆ ಕಾರಣ.

ಸಂಸಾರಿಗೆ ನಾಳೆಯ ಚಿಂತೆ ಬೇಡವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಮಕ್ಕಳ ಶಾಲೆಯ ಶುಲ್ಕ, ಹಿರಿಯರ ಔಷಧಿ, ವಿದ್ಯುತ್ತು ಹೋಗಿ ಮಗ್ಗ ನಿಂತ ದಿನದ ಊಟ ಇವುಗಳಿಗೆ ಕೂಡಿಡುವುದನ್ನು ದುರಾಸೆಯೆಂದು ಕರೆಯುವುದು ಬಡವನನ್ನು ಅಣಕಿಸಿದಂತೆ. ಇಂದಿನ ಸಂಸಾರಿಯ ದಾರಿ ಕಲ್ಯಾಣದ ದಾರಿಗಿಂತ ಉದ್ದವಾಗಿದೆ, ಬುತ್ತಿಯೂ ದೊಡ್ಡದಾಗಿರಬೇಕು. ಆದರೆ ದಾರಿ ಎಷ್ಟು ಉದ್ದವೆಂದು ಕೇಳದೆಯೇ ಬುತ್ತಿ ಕಟ್ಟುತ್ತ ಕುಳಿತವನು ನಡೆಯುವುದು ಯಾವಾಗ? ಲಕ್ಕಮ್ಮ ಅಕ್ಕಿಯನ್ನೇ ಬೇಡವೆನ್ನಲಿಲ್ಲ. ಅಂದಿಗೆ ಬೇಕಾದಷ್ಟನ್ನು ಇಟ್ಟುಕೊಂಡೇ ಅಡಿಗೆ ಮಾಡಿದರು. ಬೇಕಾದಷ್ಟು ಎಷ್ಟು ಎಂಬುದನ್ನು ಮತ್ತೊಬ್ಬರು ಗೊತ್ತುಮಾಡಿ ಹೇಳಲಾಗದು. ಪ್ರತಿಯೊಂದು ಮನೆಯೂ ತನ್ನ ದೀಪದ ಮುಂದೆ ಕುಳಿತು ಅದನ್ನು ನಿಶ್ಚಯಿಸಿಕೊಳ್ಳಬೇಕು.

ನೆಲಮಂಗಲದಿಂದ ಮುಂದೆ ತುಮಕೂರಿನ ಮಾರ್ಗದಲ್ಲಿ ಸಾಗಿದರೆ ಸಿದ್ಧಗಂಗೆಯ ಮಠವು ದೊರೆಯುತ್ತದೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಬಹುಕಾಲ ನಡೆಸಿದ ದಾಸೋಹವನ್ನು ನೋಡದ ಭಕ್ತರು ಈ ಸೀಮೆಯಲ್ಲಿ ವಿರಳ. ರೈತರು ತಂದೊಪ್ಪಿಸಿದ ರಾಗಿ, ಅಕ್ಕಿ, ಬೇಳೆಗಳು ಅಲ್ಲಿ ಸಾವಿರಾರು ಮಕ್ಕಳ ಅನ್ನವಾದವು. ಕೊಟ್ಟದ್ದನ್ನು ಇಂಗ್ಲಿಷಿನ ಲೆಕ್ಕದಲ್ಲಿ ಖರ್ಚಿನ ಅಂಕಣದಲ್ಲಿ ಬರೆಯಬೇಕಾಗುತ್ತದೆ. ಕೊಟ್ಟವನ ಮನಸ್ಸಿನಲ್ಲಿ ಅದು ಸಂಪಾದನೆಯ ಅಂಕಣದಲ್ಲಿ ಇರುತ್ತದೆ. ಎರಡು ಲೆಕ್ಕಗಳೂ ನಿಜವೇ. ಒಂದನ್ನು ಬ್ಯಾಂಕಿನಲ್ಲಿ ತಪ್ಪಿಲ್ಲದೆ ಇಡಬೇಕು, ಇನ್ನೊಂದನ್ನು ಮನೆಯಲ್ಲಿ ಮರೆಯದೆ ಇಡಬೇಕು.

ಆದುದರಿಂದ ಹೊಸ ಮಾತುಗಳನ್ನು ಎಲ್ಲರೂ ಕಲಿಯಲಿ. ಅವುಗಳ ಅರ್ಥವನ್ನು ಕೇಳುವುದಕ್ಕೆ ಯಾರೂ ನಾಚದಿರಲಿ. ತಿಂಗಳ ಮೊದಲ ದಿನ ಸಂಬಳದ ಅಂಕೆ ಕೈಸೇರಿದಾಗ, ಕಂತು ಎಷ್ಟು, ಉಳಿತಾಯ ಎಷ್ಟು ಎಂದು ಕೇಳುವ ಮನೆಯಲ್ಲಿ ಲಕ್ಕಮ್ಮನವರ ಪ್ರಶ್ನೆಯನ್ನೂ ಒಬ್ಬರು ಕೇಳುವಂತಾಗಲಿ: ಇದು ಯಾವ ಕಾಯಕದಿಂದ ಬಂದಿತು, ಇದರಲ್ಲಿ ನಮಗೆ ಸಾಕಾದುದು ಎಷ್ಟು, ಮಿಕ್ಕುದು ಯಾರದು? ಈ ಮಾತು ಮನೆಯಲ್ಲಿ ಉಳಿದಿರುವವರೆಗೆ, ಯಾವ ಭಾಷೆಯಲ್ಲಿ ಎಣಿಸಿದರೂ ಗಳಿಕೆಯು ಸಂಪಾದನೆಯಾಗಿಯೇ ಉಳಿಯುವುದು.