ಅವ್ವನ ಮೊಣಕಾಲು, ಅಪ್ಪನ ಹತ್ತಿ

ಅವ್ವನ ಮೊಣಕಾಲು ಬದಲಿಸೋ ಆಪರೇಷನ್‌ಗೆ ಸಹಿ ಹಾಕುವಾಗ ಡಾಕ್ಟರು ಹೇಳಿದ ಮಾತು ಇನ್ನೂ ತಲೆಯಲ್ಲಿ ಕೊರೀತಾ ಇದೆ. "ಹೊಸ ಕೀಲನ್ನ ಎಲುಬಿಗೆ ಕೂರಿಸೋ ಸಿಮೆಂಟ್‌ನಲ್ಲೇ ಆಂಟಿಬಯೋಟಿಕ್ ಕಲಸಿರುತ್ತೆ. ಅಮ್ಮಂಗೆ ಶುಗರ್ ಬೇರೆ ಇದೆ, ಹಾಕೋದು ಒಳ್ಳೇದು." ಅವ್ವ ಕೇಳಿದ್ದು ಒಂದೇ: "ಆ ಔಷಧಿ ಒಳಗ ಎಷ್ಟ್ ದಿನಾ ಇರ್ತದರಿ?" ಡಾಕ್ಟರು ನಕ್ಕರು. ನಾನೂ ನಕ್ಕೆ. ರಾತ್ರಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲ್‌ನಲ್ಲಿ ಓದ್ತಾ ಹೋದಾಗ ಗೊತ್ತಾಯ್ತು, ಅದು ನಗೋ ಪ್ರಶ್ನೆ ಆಗಿರಲಿಲ್ಲ.

ನಾನು ಕೋಡ್ ಬರೆಯೋನು, ವೈದ್ಯನಲ್ಲ. ಅರ್ಥವಾದಷ್ಟು ಹೇಳ್ತೀನಿ. ಊರ ಕೆರೆಯ ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುತ್ತಲ್ಲ, ಆ ಲೋಳೆ, ಅಂಥದ್ದೇ ಒಂದು ಲೋಳೆ ದೇಹದೊಳಗಿನ ಲೋಹದ ಮೇಲೂ ಕಟ್ಟಬಹುದು. ಅದಕ್ಕೆ ಬಯೋಫಿಲ್ಮ್ ಅಂತಾರೆ. ನಮ್ಮ ಚರ್ಮದ ಮೇಲೆ ಯಾರಿಗೂ ತೊಂದರೆ ಕೊಡದೆ ಬದುಕಿರೋ ಬ್ಯಾಕ್ಟೀರಿಯಾಗಳೇ ಲೋಹಕ್ಕೆ ಅಂಟಿಕೊಂಡು, ಸುತ್ತ ಅಂಟಿನ ಗೋಡೆ ಕಟ್ಟಿಕೊಂಡು ಕೂತುಬಿಡುತ್ತವೆ. ಆಮೇಲೆ ಮಾಮೂಲಿ ಡೋಸು ಅವಕ್ಕೆ ಲೆಕ್ಕಕ್ಕೇ ಇಲ್ಲ. ಎಷ್ಟೋ ಸಲ ಕೀಲನ್ನೇ ಕಿತ್ತು, ವಾರಗಟ್ಟಲೆ ಔಷಧಿ ಕೊಟ್ಟು, ಮತ್ತೆ ಇನ್ನೊಂದು ಹಾಕಬೇಕು. ಆಂಥನಿ ಗ್ರಿಸ್ಟಿನಾ ಎಂಬ ವೈದ್ಯ 1987ರಲ್ಲಿ ಇದನ್ನ ಒಂದು ಓಟದ ಪಂದ್ಯದ ಹಾಗೆ ವಿವರಿಸಿದರು. ಲೋಹದ ಮೇಲೆ ಮೊದಲು ನೆಲೆಸೋರು ಯಾರು, ನಮ್ಮ ಜೀವಕೋಶಗಳೋ, ಬ್ಯಾಕ್ಟೀರಿಯಾವೋ?

ಹಾಗಾಗಿ ಲೋಳೆ ಕಟ್ಟೋಕೆ ಮುಂಚೆನೇ ತಡೀಬೇಕು. ಅದಕ್ಕೇ ಸಿಮೆಂಟ್‌ನಲ್ಲಿ ಜೆಂಟಾಮೈಸಿನ್. ಮೊದಲ ಕೆಲವು ದಿನ ಜೋರಾಗಿ ಹೊರಬರುತ್ತೆ, ಆಮೇಲೆ ತಿಂಗಳುಗಟ್ಟಲೆ ಸಣ್ಣಗೆ ಜಿನುಗ್ತಾ ಇರುತ್ತೆ. ಕೊಲ್ಲೋಕೆ ಸಾಲದ, ಆದರೆ ಕಲಿಸೋಕೆ ಸಾಕಾಗೋ ಪ್ರಮಾಣ. ಮೊಣಕಾಲು ಬದಲಿಸಿದ ನೂರು ಜನರಲ್ಲಿ ಸೋಂಕಾಗೋದು ಒಬ್ಬರಿಗೋ ಇಬ್ಬರಿಗೋ. ಔಷಧಿ ಮಾತ್ರ ನೂರೂ ಜನರ ಒಳಗೆ.

ಇದನ್ನ ಓದಿದಾಗ ನೆನಪಾಗಿದ್ದು ಅಪ್ಪನ ಹತ್ತಿ ಹೊಲ. ನಮ್ಮದು ಹಾವೇರಿ ಕಡೆ. ಬಿಟಿ ಹತ್ತಿ ಬೀಜದ ಜೊತೆ ಒಂದು ಸಣ್ಣ ಪೊಟ್ಟಣ ಬರ್ತಿತ್ತು, 120 ಗ್ರಾಂ ಸಾದಾ ಬೀಜ. ಹೊಲದ ಸುತ್ತ ಅದನ್ನ ಬಿತ್ತಬೇಕು, ವಿಷಕ್ಕೆ ಇನ್ನೂ ಒಗ್ಗದ ಹುಳಗಳು ಅಲ್ಲಿ ಉಳೀಬೇಕು, ಒಗ್ಗಿದ ಹುಳ ಅವುಗಳ ಜೊತೆ ಕೂಡಿದರೆ ಒಗ್ಗೋ ಗುಣ ಬೇಗ ಹರಡಲ್ಲ ಅನ್ನೋ ಲೆಕ್ಕ. ಅಪ್ಪ ಅದನ್ನ ಬಿತ್ತಲಿಲ್ಲ. "ಹುಳಕ್ಕ ಊಟಾ ಹಾಕಾಕ ನಾ ಸಾಲಾ ಮಾಡೇನೇನು?" ಅಂತಿದ್ದ. ಸುತ್ತಮುತ್ತ ಬಹಳ ಜನ ಹಾಗೇ ಮಾಡಿದರು. ಗಿಡದ ತುಂಬ ಸದಾ ವಿಷ, ಎಲ್ಲ ಹೊಲದಲ್ಲೂ ಅದೇ ವಿಷ. ಕೊನೆಗೆ ಗುಲಾಬಿ ಕಾಯಿಕೊರಕ ಅದಕ್ಕೆ ಒಗ್ಗಿಹೋಯ್ತು. ಅಪ್ಪ ತಪ್ಪು ಮಾಡಿದ ಅಂತ ಎದೆ ಮುಟ್ಟಿಕೊಂಡು ಹೇಳೋಕೆ ನನಗಾಗಲ್ಲ. ಅವನೊಬ್ಬ ಬಿತ್ತಿದ್ದರೆ ಅವನಿಗೇ ನಷ್ಟ, ಯಾರೂ ಬಿತ್ತದಿದ್ದರೆ ಎಲ್ಲರಿಗೂ ನಷ್ಟ. ಬ್ಯಾಕ್ಟೀರಿಯಾ ಹುಳದ ಹಾಗೆ ಜೋಡಿಯಾಗಲ್ಲ, ಹೋಲಿಕೆ ಪೂರ್ತಿ ಕೂಡಲ್ಲ. ಆದರೆ ಈ ಲೆಕ್ಕ ಅದೇ.

ಆಂಟಿಬಯೋಟಿಕ್ ಬೇಡ, ಬೆಳ್ಳಿ ಲೇಪಿಸಿದರಾಯ್ತು ಅಂತ ಅನಿಸಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಸೇಂಟ್ ಜೂಡ್ ಮೆಡಿಕಲ್ ಕಂಪನಿಯ ಸಿಲ್ಜೋನ್ ಎಂಬ ಹೃದಯದ ಕವಾಟದಲ್ಲಿ, ಹೊಲಿಗೆ ಹಾಕೋ ಬಟ್ಟೆಯಂಥ ಅಂಚಿಗೆ ಬೆಳ್ಳಿ ಲೇಪಿಸಿದ್ದರು. ಕೆಲವರಲ್ಲಿ ಕವಾಟದ ಪಕ್ಕದಿಂದ ರಕ್ತ ಸೋರಿತು, 2000ದ ಜನವರಿಯಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು. ಬ್ಯಾಕ್ಟೀರಿಯಾವನ್ನ ತಡೀಬೇಕಿದ್ದ ಬೆಳ್ಳಿ, ಅಂಚಿಗೆ ಬೆಸೆದುಕೊಳ್ಳಬೇಕಿದ್ದ ನಮ್ಮ ಅಂಗಾಂಶವನ್ನೂ ತಡೆದಿರಬಹುದು ಅನ್ನೋ ಅನುಮಾನ. ಪಂದ್ಯದಲ್ಲಿ ಎದುರಾಳಿ ಜೊತೆ ನಮ್ಮೋನ ಕಾಲಿಗೂ ಅಡ್ಡ ಕೊಟ್ಟ ಹಾಗೆ!

ನನ್ನ ಮನಸ್ಸು ವಾಲೋದು ಬೇರೆ ಕಡೆ. ಫ್ಲೋರಿಡಾ ವಿಶ್ವವಿದ್ಯಾಲಯದ ಆಂಥನಿ ಬ್ರೆನನ್, ಹಡಗಿನ ತಳಕ್ಕೆ ಪಾಚಿ ಕಟ್ಟದಂತೆ ಮಾಡೋಕೆ ಹೋಗಿ ಶಾರ್ಕ್ ಚರ್ಮ ನೋಡಿದರು. ಅದರ ಮೇಲಿನ ಸಣ್ಣ ಗೀರುಗಳನ್ನ ಅನುಕರಿಸಿದ ಮೇಲ್ಮೈ ಯಾರನ್ನೂ ಕೊಲ್ಲಲ್ಲ, ಕೂರೋಕೆ ಸುಲಭವಾಗಿ ಜಾಗ ಕೊಡಲ್ಲ ಅಷ್ಟೆ. ಸಾಯದಿದ್ದರೆ, ವಿಷಕ್ಕೆ ಒಗ್ಗಿದವೇ ಉಳಿಯೋ ಆ ಆಟಾನೂ ಇರಲ್ಲ. ಆದರೆ ದೇಹದೊಳಗೆ ಯಾವ ಮೇಲ್ಮೈಯನ್ನಾದರೂ ರಕ್ತದ ಪ್ರೋಟೀನು ಕ್ಷಣಗಳಲ್ಲಿ ಮುಚ್ಚುತ್ತೆ, ಅಷ್ಟು ಸಲೀಸಲ್ಲ.

ಫಾಲೋಅಪ್‌ಗೆ ಹೋದಾಗ ಡಾಕ್ಟರಿಗೆ ಕೇಳೇಬಿಟ್ಟೆ, ಔಷಧಿ ಇಲ್ಲದ ಸಿಮೆಂಟ್ ಇತ್ತಾ ಅಂತ. "ಇತ್ತು. ಅದನ್ನೇ ಹಾಕಿ ಅಂತಿದ್ರಾ?"

ಬಾಗಿಲ ಸಂದಿಯಲ್ಲಿ ಅವ್ವ ಕಾಣ್ತಿದ್ದಳು. ವಾಕರ್ ಬಿಟ್ಟು, ಗೋಡೆ ಹಿಡಿದು, ಪಕ್ಕದ ಹೆಂಗಸಿಗೆ ನಾಕು ಹೆಜ್ಜೆ ನಡೆದು ತೋರಿಸ್ತಿದ್ದಳು.

"ಇಲ್ಲ ಸಾರ್" ಅಂದೆ.